ಅತ್ತೆ ತೊಳೆದಿಟ್ಟ ಬೆಳ್ಳಿ

ಆ ಭಾನುವಾರ ನನ್ನ ಗಂಡ ಕಟ್ಟೆಯ ಮೇಲೆ ಕೂತು, ಆಸ್ಟ್ರೇಲಿಯಾದಿಂದ ತರಿಸಿದ ಕಾಂಗರೂ ಚಿತ್ರದ ಬೆಳ್ಳಿ ನಾಣ್ಯವನ್ನು ಡಬ್ಬಿಗೆ ಹಾಕುತ್ತಿದ್ದರು. ದೇಶದೇಶದ ಬೆಳ್ಳಿ ನಾಣ್ಯ ಕೂಡಿಸುವುದು ಅವರ ಹವ್ಯಾಸ.

"ಕೈಗವಸು ಹಾಕ್ಕೊಂಡು ಹಿಡೀಲಿಕ್ಕೆ ಅದೇನ್ ಹಾವೇನ್ರಿ?" ಎಂದೆ.

"ಬೆರಳ ಮುಟ್ಟಿದ್ರ ಬೆಳ್ಳಿ ಮ್ಯಾಲ ಕಪ್ಪ ಕಲಿ ಬೀಳ್ತೈತಿ" ಎಂದು ನಕ್ಕರು.

ಮರುದಿನ ಎದೆನೋವು ಬಂದು ತೀರಿಕೊಂಡರು.

ವರ್ಷ ಕಳೆದು ಬಂದ ದೀಪಾವಳಿಗೆ ನಾನು ಬೈಲಹೊಂಗಲದಿಂದ ಹೂವು ತರುವಷ್ಟರಲ್ಲಿ, ಅತ್ತೆ ನಾಣ್ಯಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದು ಲಕ್ಷ್ಮೀ ಪೂಜೆಯ ತಟ್ಟೆಯಲ್ಲಿ ಜೋಡಿಸಿದ್ದರು. ಹುಳಿಗೆ ಅವರ ಬೆರಳುಗಳು ಸುಕ್ಕುಗಟ್ಟಿದ್ದವು.

"ನನ್ನ ಮಗನ ಬೆಳ್ಳಿ ಕಪ್ಪಾಗಿತ್ತವಾ. ಈಗ ನೋಡ, ಹೆಂಗ ಹೊಳಿತಾವ! ಈ ಎಲಿ ಚಿತ್ರದ್ದೊಂದು ಭಾಳ ಕಾಡಿಸ್ತು. ಬೂದಿ ಹಚ್ಚಿ ತಿಕ್ಕೇನಿ."

"ಚಲೋ ಆತ್ರಿ, ಅತ್ತಿ" ಎಂದೆ. ತಂದ ಹೂವನ್ನು ತಟ್ಟೆಯ ಸುತ್ತ ಇಟ್ಟೆ.

ಎಲೆಯ ಚಿತ್ರದ ಆ ಕೆನಡಾ ನಾಣ್ಯ ನನ್ನ ಗಂಡ ಮೊಟ್ಟಮೊದಲು ಕೊಂಡದ್ದು. ಆಗ ಏನೂ ತಿಳಿಯದೆ ಬರಿಗೈಯಲ್ಲಿ ಹಿಡಿದಿದ್ದರು. ಅವರ ಹೆಬ್ಬೆರಳಿನ ಗೆರೆಗಳು ಅದರ ಮೇಲೆ ಕಪ್ಪಾಗಿ ಉಳಿದಿದ್ದವು. ವರ್ಷವಿಡೀ ನಾನು ಅವರ ಕೈಗವಸು ತೊಟ್ಟು ಅಲ್ಲಿ ನನ್ನ ಹೆಬ್ಬೆರಳಿಟ್ಟು ಕೂರುತ್ತಿದ್ದೆ.

ಅತ್ತೆಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನಾಣ್ಯಗಳು ಎಲ್ಲವೂ ಇವೆ. ನನ್ನವರ ಬೆರಳಿನ ಗುರುತು ಇಲ್ಲ.