ಕ್ರಿಯಾಪದವಿಲ್ಲದ ಪೆಟ್ಟು

ನಮ್ಮ ಮನೆಗೆ ಬಂದವರು ಊಟ ಮುಗಿಸಿ ಕೈ ತೊಳೆಯಲು ಹಿಂದಿನ ಜಗಲಿಗೆ ಹೋದಾಗ ಅಲ್ಲಿ ಗೋಡೆಯ ಮೊಳೆಗೆ ತೂಗುಹಾಕಿರುವ ಕನ್ನಡಿಯನ್ನು ನೋಡಿ ನಗುತ್ತಾರೆ. ನೀವು ಬಂದರೂ ನಗುತ್ತೀರಿ. ಅಂಗೈಯಗಲದ ದುಂಡು ಕನ್ನಡಿ, ಬೆನ್ನಿಗೆ ತಗಡಿನ ಕವಚ, ಕೆಳಗೆ ಬಾಗಿದೊಂದು ಕಬ್ಬಿಣದ ಸರಳು, ಅಂಚಿನಲ್ಲಿ ಉಗುರಿನಷ್ಟುದ್ದದ ಬಿರುಕು. ಮುಖ ಪೂರ್ತಿ ಕಾಣಬೇಕಾದರೆ ಕೊಂಚ ಹಿಂದೆ ಸರಿಯಬೇಕು, ಸರಿದರೆ ಮುಖಕ್ಕಿಂತ ಹೆಚ್ಚಾಗಿ ಬೆನ್ನ ಹಿಂದಿನ ಬಾವಿಕಟ್ಟೆಯೇ ಕಾಣುತ್ತದೆ. ಬಿರುಕು ಬಿಟ್ಟ ಕನ್ನಡಿ ಮನೆಯಲ್ಲಿರಬಾರದೆಂದು ನಮ್ಮ ಅತ್ತೆ ಬದುಕಿರುವಷ್ಟು ದಿನವೂ ಹೇಳಿದರು. ಬೈಕೇ ಇಲ್ಲದ ಮನೆಯಲ್ಲಿ ಬೈಕಿನ ಕನ್ನಡಿಗೆ ಏನು ಕೆಲಸವೆಂದು ನಮ್ಮ ಯಜಮಾನರು ಇಂದಿಗೂ ಕೆಣಕುತ್ತಾರೆ. ಕನ್ನಡ ಕಲಿಸಿ ಬದುಕಿದವಳಿಗೆ ಒಂದು ಕನ್ನಡಿ ಕಲಿಸಿದ ಪಾಠವಿದೆ ಎಂದರೆ, ನಾನು ಬರಿಯ ಶ್ಲೇಷೆ ಮಾಡುತ್ತಿದ್ದೇನೆಂದು ಅವರು ತಿಳಿಯುತ್ತಾರೆ. ನಿಮಗೆ ಪೂರ್ತಿಯಾಗಿ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಕಾಪುವಿನ ಶಾಲೆಯೊಂದರಲ್ಲಿ ಕನ್ನಡ ಪಂಡಿತೆಯಾಗಿದ್ದೆ. ವ್ಯಾಕರಣದಲ್ಲಿ ನನಗೆ ಬಹಳ ಪ್ರಿಯವಾಗಿದ್ದ ಪಾಠ ಅಧ್ಯಾಹಾರದ್ದು. ಎಂದರೆ, ಆಡುವವನು ಹೇಳದೆ ಬಿಟ್ಟ ಪದವನ್ನು ಕೇಳುವವನು ತಾನೇ ತುಂಬಿಕೊಳ್ಳುವುದು. 'ನನಗೆ ನೀರು' ಎಂದರೆ ಸಾಕು, 'ಕೊಡಿ' ಎಂಬುದು ಎದುರಿನವರ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ಕ್ರಿಯಾಪದವನ್ನು ಬಿಟ್ಟರೂ ಅರ್ಥ ಕೈಬಿಡದಿರುವುದು ನಮ್ಮ ನುಡಿಯ ಸೌಜನ್ಯವೆಂದು ತರಗತಿಯಲ್ಲಿ ಎಷ್ಟು ಸಂಭ್ರಮದಿಂದ ಹೇಳುತ್ತಿದ್ದೆನೋ! ಅದು ಬೆತ್ತದ ಕಾಲವೂ ಹೌದು, ನನ್ನ ಕೈಯಲ್ಲೂ ಬೆತ್ತವಿರುತ್ತಿತ್ತು. ಹಮೀದ್ ಎಂಬ ಹುಡುಗನೊಬ್ಬನಿದ್ದ. ಉಳಿದವರು ಕೈ ಹಿಂದಕ್ಕೆಳೆದು, ಅತ್ತು, ಒಂದು ಪೆಟ್ಟನ್ನಾದರೂ ತಪ್ಪಿಸಿಕೊಳ್ಳುತ್ತಿದ್ದರೆ ಇವನು ಅಂಗೈ ಬಿಡಿಸಿ, ಕಣ್ಣು ಮುಚ್ಚಿ, ಅಲುಗಾಡದೆ ನಿಲ್ಲುತ್ತಿದ್ದ. ಆ ನಿಲುವಿಗೆ ಸೋತು ನಾನು ಬೆತ್ತವನ್ನು ಕೆಳಗಿಟ್ಟದ್ದೂ ಇದೆ.

ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಸಂಜೆ, ಉಡುಪಿಯಿಂದ ಬಂದ ಬಸ್ಸಿನಿಂದ ಕಾಪು ಪೇಟೆಯಲ್ಲಿ ಇಳಿದೆ. ಮಳೆ ಹನಿಯುತ್ತಿತ್ತು. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ನಿಂತಿದ್ದ ಬಸ್ಸಿನ ಎದುರಿನಿಂದಲೇ ರಸ್ತೆ ದಾಟಲು ಹೊರಟೆ. ಬಸ್ಸಿನ ಹಿಂದಿನಿಂದ ಬರುತ್ತಿದ್ದ ಬೈಕು ನನಗೂ ಕಾಣಲಿಲ್ಲ, ಅದರ ಸವಾರನಿಗೆ ನಾನೂ ಕಾಣಲಿಲ್ಲ. ಬಿದ್ದ ಮೇಲೆ ಕಣ್ಣು ತೆರೆದಾಗ ಮೊದಲು ಕಂಡದ್ದು ರಸ್ತೆಯಾಚೆ ಎದ್ದು ಕುಳಿತಿದ್ದ ಹಮೀದ್. ಮೀಸೆ ಬಂದಿತ್ತು, ಆದರೂ ಗುರುತು ಹತ್ತಿತು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಪಕ್ಕದಲ್ಲಿ ಅವನ ಅಣ್ಣನ ಕೆಂಪು ಬೈಕು ಮಗ್ಗುಲಾಗಿ ಬಿದ್ದಿತ್ತು. ಗಲ್ಫಿಗೆ ಹೋಗುವಾಗ ಅಣ್ಣ 'ನೋಡಿಕೋ' ಎಂದಷ್ಟೇ ಹೇಳಿ ಅದನ್ನು ಇವನ ವಶಕ್ಕೆ ಬಿಟ್ಟಿದ್ದನಂತೆ. ಯಾರೋ ನನ್ನ ಹೆಗಲಿಗೆ ಕೈಕೊಟ್ಟು ಎತ್ತಿದರು. ಕಾಲಿನಿಂದ ಹೊರಟ ನೋವು ಉಸಿರನ್ನೇ ಹಿಡಿದುಬಿಟ್ಟಿತು. ಆ ಹುಡುಗನತ್ತ ಕೈ ತೋರಿಸಿ ನಾನು ಹೇಳಲು ಸಾಧ್ಯವಾದದ್ದು ಎರಡೇ ಪದ: "ಅವನಿಗೆ ಪೆಟ್ಟು..." ಅಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಮಣಿಪಾಲದ ಆಸ್ಪತ್ರೆಯಲ್ಲಿದ್ದೆ, ಕಾಲು ಪ್ಲಾಸ್ಟರಿನಲ್ಲಿತ್ತು. ನನ್ನ ಜೊತೆಗೆ ಪಾಠ ಮಾಡುತ್ತಿದ್ದ ಸರೋಜಿನಿ ಟೀಚರ್ ಬಂದರು, ಕಿತ್ತಳೆ ಬಿಡಿಸಿ ಕೊಟ್ಟರು, ಶಾಲೆಯ ಸುದ್ದಿಯನ್ನೆಲ್ಲ ಹೇಳಿದರು. ಆ ಹುಡುಗ ಹೇಗಿದ್ದಾನೆಂದು ಕೇಳಿದೆ. ಅವರು ನನಗೆ ಸಮಾಧಾನವಾಗಲಿ ಎಂಬಂತೆ ಹತ್ತಿರ ಬಾಗಿದರು.

"ಅವನನ್ನು ಸುಮ್ಮನೆ ಬಿಡ್ತಾರಾ ಟೀಚರ್? ನೀವೇ ಹೇಳಿದ ಮೇಲೆ ಜನ ಸರಿಯಾಗಿ ಕೊಟ್ಟಿದ್ದಾರೆ. ಬೈಕನ್ನೂ ಬಿಡಲಿಲ್ಲವಂತೆ."

"ನಾನು ಎಂತ ಹೇಳಿದೆ?"

"ಅವನಿಗೆ ಪೆಟ್ಟು ಅಂತ ಹೇಳಿದ್ದಲ್ವಾ? ಪೇಟೆಯಲ್ಲಿ ಎಲ್ಲರಿಗೂ ಗೊತ್ತುಂಟು."

ನಮ್ಮ ಕರಾವಳಿಯಲ್ಲಿ ಪೆಟ್ಟು ಎಂಬ ಪದ ಎಷ್ಟು ಕೆಲಸ ಮಾಡುತ್ತದೆಂಬುದನ್ನು ನೀವು ಬಲ್ಲಿರಿ. ಬಿದ್ದರೆ ಆಗುವುದೂ ಪೆಟ್ಟು, ಬೆತ್ತದಿಂದ ಬೀಳುವುದೂ ಪೆಟ್ಟು, ವಸ್ತುವಿಗೆ ತಗಲುವುದೂ ಪೆಟ್ಟು. ತುಳುವಿನಲ್ಲಿ ಹೇಳಿದ್ದರೂ ನನಗೆ ಪಾರಾಗುವ ದಾರಿಯಿರಲಿಲ್ಲ, ಅಲ್ಲಿಯೂ ಅದೇ ಪದ. 'ಅವನಿಗೆ ಪೆಟ್ಟು' ಎಂಬುದಕ್ಕೆ 'ಆಯಿತೇ' ಎಂಬುದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸುತ್ತಲಿದ್ದವರು 'ಕೊಡಿ' ಎಂದು ತುಂಬಿಕೊಂಡರು. ಆ ಗುಂಪಿನಲ್ಲಿ ನನ್ನ ಕಡೆಯವರೂ ಇದ್ದರು, ಅವನ ಕಡೆಯವರೂ ಇದ್ದರು, ನನ್ನ ತರಗತಿಯಲ್ಲೇ ಕುಳಿತು ಅಧ್ಯಾಹಾರ ಕಲಿತವರೂ ಇದ್ದಿರಬಹುದು. ಕೆಟ್ಟವರೆಂದು ಅವರನ್ನು ಕರೆಯಲಾರೆ. ನನ್ನ ಮೇಲಿನ ಗೌರವದಿಂದಲೇ ಅವರ ಕೈ ಮೇಲೆದ್ದದ್ದು. ನನಗೆ ಇಂದಿಗೂ ಸಹಿಸಲಾಗದಿರುವುದು ಆ ಗೌರವ. ಬಿಟ್ಟ ಮಾತನ್ನು ಸಿಟ್ಟಿನವನು ಸಿಟ್ಟಿನಿಂದಲೂ, ಹೆದರಿದವನು ಹೆದರಿಕೆಯಿಂದಲೂ ತುಂಬಿಕೊಳ್ಳುತ್ತಾನೆಂದು ಯಾವ ವ್ಯಾಕರಣವೂ ನನಗೆ ಹೇಳಿರಲಿಲ್ಲ.

ಸರೋಜಿನಿ ಟೀಚರ್ ತಂದುಕೊಟ್ಟ ನನ್ನ ಚೀಲದಲ್ಲಿ, ರಸ್ತೆಯಲ್ಲಿ ಚೆಲ್ಲಿದ್ದನ್ನೆಲ್ಲ ಯಾರೋ ಗೋರಿ ತುಂಬಿದ್ದರು. ಬುತ್ತಿಡಬ್ಬಿಯ ಕೆಳಗೆ ಈ ಕನ್ನಡಿ ಸಿಕ್ಕಿತು. ಅಪಘಾತದಲ್ಲಿ ಮುರಿದದ್ದೋ, ಗುಂಪು ಮುರಿದದ್ದೋ ತಿಳಿಯದು. ಬಂದು ತೆಗೆದುಕೊಂಡು ಹೋಗಲಿ ಎಂದು ಹೇಳಿಕಳಿಸಿದೆ. ಹಮೀದ್ ಬರಲಿಲ್ಲ. ಅವನ ತಾಯಿ ಆಸ್ಪತ್ರೆಗೆ ಬಂದು, ಮಗನ ಪರವಾಗಿ ನನ್ನಲ್ಲೇ ಕ್ಷಮೆ ಕೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದರು. ವಿವರಿಸಲು ನಾನು ಬಾಯಿ ತೆರೆದರೆ, ದಣಿಯಬೇಡಿ ಟೀಚರ್ ಎಂದು ತಡೆದರು. ಅವರೇ ಹೇಳಿದ್ದು: ಅಣ್ಣ ರಜೆಯಲ್ಲಿ ಊರಿಗೆ ಬರುವುದರೊಳಗೆ ಬೈಕು ಮೊದಲಿನಂತಾಗಬೇಕು, ಅದಕ್ಕಾಗಿ ಹಮೀದ್ ಕಾರ್ಕಳದಲ್ಲಿ ಸೋದರಮಾವನ ಗ್ಯಾರೇಜಿನಲ್ಲೇ ಉಳಿದಿದ್ದಾನೆ.

ಕೋಲೂರಿ ನಡೆಯುವಂತಾದ ಕೂಡಲೇ ಕಾರ್ಕಳದ ಬಸ್ಸು ಹತ್ತಿದೆ. ಇನ್ನೂ ಕೆಲವು ದಿನ ತಡೆಯಬಾರದೇ ಎಂದರು ಯಜಮಾನರು. ತಡೆಯಬಹುದಿತ್ತು; ಆದರೆ ಆ ಹುಡುಗ ತನ್ನ ಟೀಚರ್ ತನ್ನನ್ನು ಹೊಡೆಸಿದರೆಂದು ನಂಬಿಕೊಂಡೇ ಮಲಗುವ ಒಂದೊಂದು ದಿನವೂ ನನ್ನ ಎದೆಯ ಮೇಲೆ ಕಲ್ಲಾಗಿ ಕೂರುತ್ತಿತ್ತು.

ಗ್ಯಾರೇಜೆಂದರೆ ರಸ್ತೆ ಬದಿಯ ಒಂದು ತಗಡಿನ ಮಾಡು. ಒಳಗೆ ಕೆಂಪು ಬೈಕು ನಿಂತಿತ್ತು. ಬಾಗಿದ್ದ ಹ್ಯಾಂಡಲ್ ನೆಟ್ಟಗಾಗಿತ್ತು, ಹೆಡ್‌ಲೈಟಿಗೆ ಹೊಸ ಗಾಜು ಬಂದಿತ್ತು. ಪೆಟ್ರೋಲ್ ಟ್ಯಾಂಕಿನ ನೆಗ್ಗುಗಳನ್ನು ಒಳಗಿನಿಂದ ಬಡಿದು ಎಬ್ಬಿಸಿ ಬಣ್ಣ ಕೊಟ್ಟಿದ್ದರು, ಆದರೂ ಬೆಳಕು ಓರೆಯಾಗಿ ಬಿದ್ದಾಗ ಅಲ್ಲಲ್ಲಿ ಅಲೆಯಂತೆ ಕಾಣುತ್ತಿದ್ದವು. ಒಬ್ಬ ಹೆಂಗಸಿನ ಮೈ ತಾಗಿ ಅಷ್ಟೊಂದು ನೆಗ್ಗುಗಳಾಗುವುದಿಲ್ಲ. ಹಮೀದ್ ನನಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಸಿಟ್ಟೆಂದುಕೊಂಡೆ. ಮಾವ ಬಂದು ಭುಜ ಮುಟ್ಟಿದಾಗ ಗಾಬರಿಯಿಂದ ಎದ್ದು ನಿಂತ. ಆಮೇಲೆ ತಲೆಯನ್ನು ಓರೆ ಮಾಡಿ ಬಲಗಿವಿಯನ್ನು ನನ್ನ ಕಡೆಗೆ ಹಿಡಿದ. ಎಡಗಿವಿ ಆ ಸಂಜೆಯಿಂದ ಕೇಳುತ್ತಿರಲಿಲ್ಲ.

ಮಾವ ಸ್ಟೂಲು ತಂದಿಟ್ಟು ಹೊರಗೆ ಹೋದರು. ಹೊಡೆಯಿರೆಂದು ನಾನು ಹೇಳಲಿಲ್ಲ, ಅವನಿಗೆ ಪೆಟ್ಟಾಯಿತೇ ಎಂದು ಕೇಳಲು ಹೊರಟಿದ್ದೆ, ಉಸಿರು ಸಾಲಲಿಲ್ಲ ಎಂದು ಹೇಗೋ ಹೇಳಿದೆ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಬಲಗಿವಿಯ ಹತ್ತಿರ ಮತ್ತೊಮ್ಮೆ ಹೇಳಿದೆ. ಅವನು ಕೈಯ ಗ್ರೀಸನ್ನು ಹಳೆಯ ಬಟ್ಟೆಗೆ ಒರೆಸಿಕೊಂಡ.

"ನೀವು ಹೇಳಿದ್ದಲ್ವಾ ಅಂತ ನಾನು ಕೈ ಅಡ್ಡ ಹಿಡಿಯಲಿಲ್ಲ ಟೀಚರ್," ಎಂದ.

ಅವನು ಕಣ್ಣು ಮುಚ್ಚಿ ನಿಂತದ್ದು ಹೇಗಿದ್ದೀತೆಂದು ನನಗೆ ಯಾರೂ ವರ್ಣಿಸಬೇಕಾಗಿರಲಿಲ್ಲ. ನಾನು ಅತ್ತುಬಿಟ್ಟೆ. ಚೀಲದಿಂದ ಕನ್ನಡಿ ತೆಗೆದು ಕೊಟ್ಟೆ. ಎಡಗಡೆಯಿಂದ ಬರುವ ವಾಹನದ ಸದ್ದು ತನಗೆ ಕೇಳದ ಕಾರಣ ಮಾವ ಬೈಕಿಗೆ ದೊಡ್ಡ ಕನ್ನಡಿಗಳ ಹೊಸ ಜೋಡಿಯನ್ನೇ ಹಾಕಿದ್ದಾರೆ, ಇದನ್ನು ನೀವೇ ಇಟ್ಟುಕೊಳ್ಳಿ ಎಂದು ಮರಳಿಸಿದ. ಹೊರಡುವಾಗ, ಅಂದು ಗಂಟಲಲ್ಲಿ ಉಳಿದದ್ದನ್ನು ಪಾಠ ಓದಿಸುವಂತೆ ನಿಧಾನವಾಗಿ, ಕ್ರಿಯಾಪದ ಸಹಿತ ಕೇಳಿದೆ.

"ಹಮೀದ್, ನಿನಗೆ ಪೆಟ್ಟಾಯಿತೇ?"

"ಆಯಿತು ಟೀಚರ್."

ಅಧ್ಯಾಹಾರದ ಪಾಠವನ್ನು ನಿವೃತ್ತಿಯವರೆಗೂ ಮಾಡಿದೆ, ಸಂಭ್ರಮದಿಂದ ಮಾಡಲಿಲ್ಲ. ಈಗಲೂ ನೆಂಟರು ಹಿಂದಿನ ಜಗಲಿಯಿಂದ ಕೈ ಒರೆಸಿಕೊಳ್ಳುತ್ತ ಬಂದು "ನಿಮ್ಮ ಕನ್ನಡಿಗೆ ಪೆಟ್ಟು..." ಎಂದು ಮಾತು ತೆಗೆದರೆ, ನಾನು ಏನನ್ನೂ ತುಂಬಿಕೊಳ್ಳುವುದಿಲ್ಲ. ಅವರು ವಾಕ್ಯ ಮುಗಿಸುವವರೆಗೆ ಕಾಯುತ್ತೇನೆ.