“ಗಾಡಿ ಚಲೋ ಅದ” ಅಂದದ್ದಕ್ಕೆ

ಆ ಶನಿವಾರ ನಾವು ತಿಂಥಣಿಗೆ ಹೋಗಿ ಹೊಸ ಕಾರಿಗೆ ಪೂಜೆ ಮಾಡಿಸಿದೆವು. (ಹೊಸದೆಂದರೆ ನಮಗೆ ಹೊಸದು. ಆನ್‌ಲೈನ್‌ನಲ್ಲಿ ಫೋಟೊ ನೋಡಿ ಕೊಂಡ ಹಳೆಯ ಕಾರು.) ಮರಳುವಾಗ ರಂಗಂಪೇಟೆ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ನಮ್ಮ ಮನೆಯವರು ಬ್ರೇಕ್ ಒತ್ತಿದರು. ಪೆಡಲ್ ತಳ ಮುಟ್ಟಿತು, ಕಾರು ನಿಲ್ಲಲಿಲ್ಲ. ಎಮ್ಮೆಯೇ ಸರಿದುಕೊಂಡಿತು.

“ಈ ಗಾಡಿ ನಮಗ ಬ್ಯಾಡ್ರಿ,” ಎಂದೆ. ಅವರು ನಕ್ಕರು. “ಅಂಜಬ್ಯಾಡ. ಏಳು ದಿನದಾಗ ವಾಪಸ್ ಕೊಡಬಹುದು. ನಿಮ್ಮಪ್ಪ ನನಗ ಅಷ್ಟೂ ಟೈಮ್ ಕೊಟ್ಟಿದ್ದಿಲ್ಲ.”

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದು ಕೂತರು. ಮತ್ತೆ ಏಳಲಿಲ್ಲ.

ಕೆಲವು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಇಷ್ಟೇ ಉತ್ತರ.

ಮೂರನೆಯ ದಿನ ಕಾರು ಮಾರಿದ ಕಂಪನಿಯಿಂದ ನನ್ನ ಫೋನಿಗೆ ಕರೆ ಬಂತಂತೆ. ಸೂತಕದ ಮನೆ, ಫೋನು ಅತ್ತೆಯವರ ಹತ್ತಿರವಿತ್ತು. ಗಾಡಿ ಹೇಗಿದೆ ಎಂದು ಯಾವುದೋ ಹೆಣ್ಣುದನಿ ಕೇಳಿತಂತೆ. ಮಗನನ್ನು ಕಳೆದುಕೊಂಡ ತಾಯಿ ಏನು ಹೇಳಿಯಾಳು?

“ಗಾಡಿ ಚಲೋ ಅದವ್ವ. ನಡಸಾವನೇ ಹೋಗ್ಯಾನ.”

ಕಂಪನಿ ಮೊದಲ ಅರ್ಧವನ್ನಷ್ಟೇ ಬರೆದುಕೊಂಡಿತು. ಹನ್ನೊಂದು ದಿನ ಮುಗಿಸಿ ನಾನು ಫೋನ್ ಮಾಡಿದಾಗ ಅದನ್ನೇ ಓದಿ ಹೇಳಿದರು: ಗ್ರಾಹಕರಿಗೆ ತೃಪ್ತಿಯಾಗಿದೆ, ವಾಪಸಿನ ಅವಧಿಯೂ ಮುಗಿದಿದೆ. ಏಳು ದಿನದ ನಿಯಮ ಮಾಡಿದವರ ಮನೆಯಲ್ಲಿ ಯಾರೂ ಸಾಯುವುದಿಲ್ಲವೇ?

ಈಗಿನ ಭಯ ಬೇರೆ. ಶಹಾಪುರದಲ್ಲಿ ಗುಮಾಸ್ತನಾಗಿರುವ ಮೈದುನ ದಿನಾ ಆ ಕಾರಿನಲ್ಲೇ ಹೋಗುತ್ತೇನೆ, ಮನೆಯ ಮಕ್ಕಳನ್ನೂ ಅಲ್ಲಿನ ಶಾಲೆಗೆ ಬಿಡುತ್ತೇನೆ ಎನ್ನುತ್ತಾನೆ. ಬ್ರೇಕಿನ ಸಂಗತಿ ಹೇಳಿದೆ. “ಅಣ್ಣ ಹೋದ ದುಃಖದಾಗ ನಿಮಗ ಹಂಗ ಅನಸಾಕತ್ತದ, ವೈನಿ,” ಎಂದ. ಮನೆ ಮುಂದೆ ಓಡಿಸಿಯೂ ತೋರಿಸಿದ. ಬ್ರೇಕ್ ಸರಿಯಾಗಿ ಹಿಡಿಯಿತು. ನನಗೆ ಇನ್ನೂ ಹೆಚ್ಚು ಭಯವಾಯಿತು. ಒಮ್ಮೆ ಹಿಡಿದು ಒಮ್ಮೆ ಬಿಡುವ ಬ್ರೇಕನ್ನು ಯಾರು ನಂಬಬೇಕು? ಕೀಲಿಯನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಎಷ್ಟು ದಿನ ಇಡಲಿ?

ಯಾದಗಿರಿಗೆ ಹೋಗಿ ವಕೀಲರನ್ನು ಕಂಡೆ. ಮನಸ್ಸಿಗೆ ಬರದಿದ್ದರೆ ಮರಳಿಸಲು ಏಳು ದಿನ ಸರಿ, ಆದರೆ ದೋಷವಿರುವ ಗಾಡಿ ಮಾರಿದ್ದರೆ ಹಕ್ಕು ಅಲ್ಲಿಗೇ ಮುಗಿಯುವುದಿಲ್ಲ ಎಂದರು. ಕೊಂಡವರು ತೀರಿಕೊಂಡಿದ್ದರೆ ವಾರಸುದಾರರು ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದಂತೆ. ಇದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? (ಇಷ್ಟು ವರ್ಷ ಬರೆಯುತ್ತಿರುವ ನನಗೇ ಗೊತ್ತಿರಲಿಲ್ಲ.)

ಆಮೇಲೆ ಅವರು ಕೇಳಿದರು: “ಬ್ರೇಕ್ ಹಿಡೀಲಿಲ್ಲಂತ ನಿಮ್ಮ ಮನಿಯವ್ರು ಯಾರಿಗರೆ ಬರದಾರೇನ್ರಿ?”

ತಿಂಥಣಿಯಿಂದ ಬಂದ ಆ ಸಂಜೆ ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ತಮ್ಮ ಫೋನಿನಲ್ಲಿ ಏನೋ ಬರೆಯುತ್ತಿದ್ದರು. ಕಳಿಸಿದರೋ ಇಲ್ಲವೋ ಗೊತ್ತಿಲ್ಲ. ಅವರ ಫೋನು ನನ್ನ ಹತ್ತಿರವೇ ಇದೆ. ಅದನ್ನು ತೆರೆಯುವ ಹೆಬ್ಬೆರಳು ಇಲ್ಲ.