ಅವಳ ನಂಬರಿಗೆ ಹೋದ ಕೋಡ್

ರಾಯದುರ್ಗದ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ಒಂದು ತರಗತಿ ನಡೆಸುತ್ತೇನೆ. ಬರುವವರು ನಿವೃತ್ತ ಮೇಷ್ಟರು, ಕಿರಾಣಿ ಅಂಗಡಿಯವರು, ಇಬ್ಬರು ಟೈಲರ್‌ಗಳು. ಕಂಪ್ಯೂಟರನ್ನೂ ಫೋನನ್ನೂ ಕೆಡದಂತೆ, ಮೋಸ ಹೋಗದಂತೆ ಬಳಸುವುದು ಹೇಗೆಂದು ಹೇಳಿಕೊಡುತ್ತೇನೆ. ಹತ್ತು ಗಂಟೆ ಐದು ನಿಮಿಷಕ್ಕೆ ಬಾಗಿಲು ಹಾಕುತ್ತೇನೆ. ತಡವಾಗಿ ಬಂದವರು ಹೊರಗೆ ಪತ್ರಿಕೆ ಓದಬಹುದು.

ನಾನು ಮೂವತ್ತಾರು ವರ್ಷ ರೈಲ್ವೆ ಸ್ಟೇಷನ್‌ಗಳಲ್ಲಿ ಕೆಲಸ ಮಾಡಿದವನು. ಓಟಿಪಿ ಎಂದರೇನು ಎಂಬುದನ್ನು ನನ್ನ ನೌಕರಿಯ ಮೂಲಕವೇ ವಿವರಿಸುತ್ತೇನೆ. ರೈಲು ಬಿಡುವ ಮುಂಚೆ ಗೇಟ್‌ಮ್ಯಾನ್‌ಗೆ ಫೋನ್ ಮಾಡುತ್ತಿದ್ದೆವು. ಅವನು ಗೇಟ್ ಮುಚ್ಚಿ, ತನ್ನ ಹಾಳೆಯಲ್ಲಿದ್ದ ಒಂದು ಗುಪ್ತ ಸಂಖ್ಯೆ ಹೇಳುತ್ತಿದ್ದ. ನಾನು ಅದನ್ನು ತಿರುಗಿ ಹೇಳಿ, ಸಮಯದೊಡನೆ ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಮ್ಮೆ ಬಳಸಿದ ಸಂಖ್ಯೆಗೆ ಗೀಟು. ಬೇರೆ ಯಾರಿಗೂ ಅದನ್ನು ಹೇಳುವಂತಿಲ್ಲ. ಓಟಿಪಿಯೂ ಅಷ್ಟೆ. ಕೇಳಿದವನು ಯಾರೇ ಆಗಲಿ, ಹೇಳಬೇಡಿ. ಇದು ನನ್ನ ಮೊದಲ ಪಾಠ.

ಉಳಿದವು ಸಣ್ಣ ಪಾಠಗಳು. ಬೇಕಾದ ಕಡತವನ್ನು ಎರಡು ಕಡೆ ಇಡಿ. ಹಳೆಯ ಫೋನನ್ನು ಕೊಡುವ ಮುಂಚೆ ಪೂರ್ತಿ ಅಳಿಸಿ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಯಂತ್ರಗಳಿಂದಲೂ ಲಾಗ್‌ಔಟ್ ಆಗಿ. ನಂಬರ್ ಬದಲಾದರೆ ಅದೇ ದಿನ ಖಾತೆಯಲ್ಲೂ ಬದಲಿಸಿ. ಈ ಕೊನೆಯ ಮಾತನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಾನೇ ಮಾಡಿರಲಿಲ್ಲ.

ನನ್ನ ಹೆಂಡತಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದಳು. ನಮಗೆ ಮಕ್ಕಳಿಲ್ಲ. ನಾನು ದಿನ ಬಿಟ್ಟು ದಿನ ಊರಿಗೆ ಬಂದು, ಅಡುಗೆ ಮಾಡಿಕೊಂಡು ಹೋಗುತ್ತಿದ್ದೆ. ಆ ಅಡುಗೆಯನ್ನು ಅವಳು ಒಂದು ತುತ್ತು ಬಾಯಿಗಿಟ್ಟು ಬದಿಗಿಡುತ್ತಿದ್ದಳು. ಆಮೇಲೆ ಹಾಸಿಗೆಯಲ್ಲಿ ಮಲಗಿಕೊಂಡೇ ತನ್ನ ಫೋನಿನಲ್ಲಿ ಮಾತನಾಡಿ ರೆಕಾರ್ಡ್ ಮಾಡತೊಡಗಿದಳು. ಮಂಡಕ್ಕಿಯ ಉಗ್ಗಾಣಿ ಹೇಗೆ, ಶೇಂಗಾ ಚಟ್ನಿಪುಡಿ ಹೇಗೆ, ಬೇಳೆಗೆ ಎಷ್ಟು ಸೀಟಿ. ಒಟ್ಟು ಮೂವತ್ತೊಂದು. ಅವು ತಾವಾಗಿಯೇ ಇಂಟರ್ನೆಟ್‌ನಲ್ಲಿದ್ದ ಅವಳ ಖಾತೆಗೆ ಹೋಗಿ ಸೇರುವಂತೆ ನಾನೇ ಮಾಡಿಕೊಟ್ಟಿದ್ದೆ.

ಅವಳು ಹೋದ ಹನ್ನೊಂದನೆಯ ದಿನ, ನಮ್ಮ ಕಡೆಯ ಪದ್ಧತಿಯಂತೆ ಅವಳ ಸೀರೆಗಳನ್ನೂ ಚಪ್ಪಲಿಯನ್ನೂ ಕೊಟ್ಟೆ. ಫೋನನ್ನು ಆಸ್ಪತ್ರೆಯಲ್ಲಿ ಅವಳನ್ನು ನೋಡಿಕೊಂಡ ಹೆಣ್ಣುಮಗಳಿಗೆ ಕೊಟ್ಟೆ. ನಿಯಮದಂತೆ ಪೂರ್ತಿ ಅಳಿಸಿಯೇ ಕೊಟ್ಟೆ. ಸಿಮ್ಮನ್ನು ತೆಗೆದು ಬೆಂಕಿಪೊಟ್ಟಣದಲ್ಲಿ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ಬಳಸದ ಸಿಮ್ಮಿಗೆ ರೀಚಾರ್ಜ್ ಮಾಡುವುದು ಅಶಿಸ್ತು ಎನ್ನಿಸಿತು. ರೆಕಾರ್ಡಿಂಗ್‌ಗಳು ನನ್ನ ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದವು, ಅಷ್ಟು ಸಾಕಾಗಿತ್ತು. ತಿಂಗಳಿಗೆ ಒಂದರಂತೆ ಕೇಳುತ್ತಿದ್ದೆ. ಎಲ್ಲ ಕೇಳಿದ ಮೇಲೆ ಇನ್ನೊಂದು ಕಡೆ ನಕಲು ಮಾಡಿದರಾಯಿತು ಎಂದುಕೊಂಡಿದ್ದೆ. ಹನ್ನೆರಡು ಕೇಳಿದ್ದೆ. ಹತ್ತೊಂಬತ್ತು ಉಳಿದಿದ್ದವು.

ಒಂದು ರೂಢಿಯ ವಿಷಯ ಇಲ್ಲಿ ಹೇಳಬೇಕು. ನೌಕರಿಯಲ್ಲಿದ್ದಾಗ ಡ್ಯೂಟಿ ಮುಗಿದ ಕೂಡಲೇ ಅವಳ ಫೋನಿಗೆ ಒಂದು ಮಿಸ್ ಕಾಲ್ ಕೊಡುತ್ತಿದ್ದೆ. ಅವಳು ಎತ್ತುತ್ತಿರಲಿಲ್ಲ. ಚಹಾಕ್ಕೆ ನೀರಿಡುತ್ತಿದ್ದಳು. ನಿವೃತ್ತನಾದ ಮೇಲೂ ಸಂಜೆ ಸ್ಟೇಷನ್‌ವರೆಗೆ ನಡೆದುಹೋಗಿ, ಆರು ಗಂಟೆಗೆ ಪ್ಲಾಟ್‌ಫಾರ್ಮಿನ ಬೆಂಚಿನಿಂದ ಮಿಸ್ ಕಾಲ್ ಕೊಟ್ಟೇ ಹೊರಡುತ್ತಿದ್ದೆ. ಅವಳು ಹೋದ ಮೇಲೂ ಕೊಡುತ್ತಿದ್ದೆ. ಸ್ವಿಚ್ ಆಫ್ ಆಗಿದೆ ಎನ್ನುತ್ತಿತ್ತು. ಮುಂದೆ, ಈ ನಂಬರ್ ಚಾಲ್ತಿಯಲ್ಲಿಲ್ಲ ಎನ್ನತೊಡಗಿತು. ಅಷ್ಟು ಕೇಳಿ ಮನೆಗೆ ಬರುತ್ತಿದ್ದೆ.

ಒಂದು ಸಂಜೆ ಅದು ರಿಂಗಾಯಿತು. ಗಾಬರಿಯಿಂದ ಕತ್ತರಿಸಿದೆ. ಮರುದಿನವೂ ರಿಂಗಾಯಿತು, ಅದರ ಮರುದಿನವೂ. ನಾಲ್ಕನೆಯ ದಿನ ಅತ್ತ ಕಡೆಯಿಂದಲೇ ಕರೆ ಬಂತು.

“ಯಾವನ್ಲಾ ಅದು, ದಿನಾ ಆರು ಗಂಟೆಗೆ ಮಿಸ್ ಕಾಲ್ ಕೊಡೋನು? ಮಾತಾಡಾಕೆ ಬಾಯಿಲ್ವಾ?” ಹೆಂಗಸಿನ ದನಿ. ಹಿಂದೆ ಕುರಿಗಳ ಸದ್ದು.

“ತಪ್ಪಾತು ತಾಯಿ. ಇದು ನಮ್ಮ ಮನಿಯವರ ನಂಬರ್ ಆಗಿತ್ತು. ಅವರು ತೀರಿಕೊಂಡಾರ.”

“ತೀರೋದೋರ್ಗೆ ಯಾರಾನಾ ಫೋನ್ ಮಾಡ್ತಾರಾ ಸಾಮಿ?”

“ಇಲ್ಲವ್ವ. ರೂಢಿ ಆಗಿತ್ತು.”

“ಒಳ್ಳೆ ರೂಢಿ. ನನ್ನ ಗಂಡ ನನ್ನ ಮ್ಯಾಲೆ ಅನ್ಮಾನ ಪಡಂಗಾಯ್ತು,” ಎಂದು ಇಟ್ಟುಬಿಟ್ಟಳು.

ಅಂದಿನಿಂದ ನಿಲ್ಲಿಸಿದೆ. ಆರು ಗಂಟೆಗೆ ಫೋನನ್ನು ಜೇಬಿನಲ್ಲೇ ಬಿಟ್ಟು, ಬೆಂಚಿನ ಮೇಲೆ ಐದು ನಿಮಿಷ ಹೆಚ್ಚಿಗೆ ಕೂತು ಬರುತ್ತಿದ್ದೆ. ನಿಂತುಹೋದ ನಂಬರನ್ನು ಕಂಪನಿ ಬೇರೆಯವರಿಗೆ ಕೊಡುತ್ತದೆ ಎಂಬುದು ನನಗೆ ತಿಳಿದಿರದ ಸಂಗತಿಯೇನಲ್ಲ. ಆದರೂ ಆ ನಂಬರ್ ಇನ್ನೂ ಎಲ್ಲೆಲ್ಲಿ ಉಳಿದಿದೆ ಎಂದು ಯೋಚಿಸಲಿಲ್ಲ.

ಮೂರು ತಿಂಗಳ ಗಡುವು ಬಂತು. ಪಟ್ಟಿ ಹಿಡಿದು ಕೂತು ನನ್ನ ಖಾತೆ, ಬ್ಯಾಂಕಿನ ಖಾತೆ, ಆಮೇಲೆ ಈ ಸಲ ಮೊದಲ ಬಾರಿಗೆ ಪಟ್ಟಿಗೆ ಸೇರಿಸಿದ ಅವಳ ಖಾತೆ ಎಂದು ಒಂದೊಂದಕ್ಕೇ ಗೀಟು ಹಾಕುತ್ತ ಹೋದೆ. ಪಾಸ್‌ವರ್ಡ್ ಬದಲಿಸಿದೆ, ಎಲ್ಲ ಯಂತ್ರಗಳಿಂದ ಲಾಗ್‌ಔಟ್ ಆದೆ. ಮತ್ತೆ ಒಳಗೆ ಹೋಗಲು ಹೊಸ ಪಾಸ್‌ವರ್ಡ್ ಕೊಟ್ಟೆ. ಪರದೆ ಹೇಳಿತು: ನಿಮ್ಮ ನಂಬರಿಗೆ ಕೋಡ್ ಕಳಿಸಿದ್ದೇವೆ. ನಂಬರಿನ ಕೊನೆಯ ಎರಡು ಅಂಕಿ ಅವಳವು.

ಬೆಂಕಿಪೊಟ್ಟಣ ತೆಗೆದು ಸಿಮ್ಮನ್ನು ನನ್ನ ಫೋನಿಗೆ ಹಾಕಿ ನೋಡಿದೆ. ಅದು ಬರೀ ತುಂಡು ಪ್ಲಾಸ್ಟಿಕ್. ಬೇರೆ ದಾರಿ ಇದೆಯೇ ಎಂದು ಎರಡು ದಿನ ಹುಡುಕಿದೆ. ಇರಲಿಲ್ಲ. ಇಂಥ ಹೊತ್ತಿಗೆಂದೇ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಬೇಕೆಂದು ತರಗತಿಯಲ್ಲಿ ಹೇಳುತ್ತೇನೆ. ಅವಳ ಖಾತೆಗೆ ನಾನು ಬರೆದಿಟ್ಟಿರಲಿಲ್ಲ. ಕೇಳದೆ ಉಳಿದ ಹತ್ತೊಂಬತ್ತು, ಕೇಳಿದ ಹನ್ನೆರಡು, ಎಲ್ಲವೂ ಆ ಬಾಗಿಲಿನ ಒಳಗಿದ್ದವು. ನನ್ನ ಕೈಯಾರೆ ಬೀಗ ಹಾಕಿದ್ದೆ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ, ಮರ್ಯಾದೆಯ ಹೊತ್ತು ನೋಡಿ, ಆ ನಂಬರಿಗೆ ಕರೆ ಮಾಡಿದೆ.

“ನಾನವ್ವ, ರಾಯದುರ್ಗದಿಂದ. ಆರು ಗಂಟೆಯವನು.”

“ಈಗ ಬೆಳಿಗ್ಗೆ ಸುರು ಮಾಡ್ಕಂಡ್ಯಾ?”

ವಿಷಯ ಹೇಳಿದೆ. ಓಟಿಪಿ ಎಂಬ ಮಾತು ಬಂದದ್ದೇ ಅವಳ ದನಿ ಏರಿತು.

“ಬಂತು ನೋಡು ಅಸ್ಲು ಇಸ್ಯ! ಹೆಂಡ್ತಿ ಸತ್ಲು ಅಂತ ನಮ್ಮುನ್ನ ಅಳಿಸಿ, ಆಮೇಲೆ ಓಟಿಪಿ ಕೇಳೋದು. ಕೇಳೋನು ದೇವ್ರೇ ಆದ್ರೂ ಕೊಡಬ್ಯಾಡಿ ಅಂತ ನಮ್ಮ ಸಂಘದಾಗೆ ಹೇಳವ್ರೆ.”

“ಸರಿಯಾಗೇ ಹೇಳ್ಯಾರ. ನಾನೂ ಇಲ್ಲಿ ಮಂದಿಗೆ ಅದನ್ನ ಹೇಳಿಕೊಡ್ತೀನಿ.”

“ಹೇಳ್ಕೊಡೋನೇ ಕೇಳ್ತೀಯಲ್ಲ, ನಾಚ್ಕೆ ಆಗಲ್ವಾ?”

ಆಗುತ್ತಿತ್ತು. ನನ್ನ ತರಗತಿಗೆ ಬಂದವಳಾಗಿದ್ದರೆ ಅವಳಿಗೆ ಪೂರ್ತಿ ಅಂಕ ಕೊಡುತ್ತಿದ್ದೆ.

“ನಾನು ನೀವಿರೋ ಕಡೆಗೇ ಬಂದ್ರ? ಕಾಗದ ಎಲ್ಲಾ ತರ್ತೀನಿ. ನೋಡಿ, ನಿಮಗ ಸರಿ ಅನಿಸಿದ್ರ ಹೇಳ್ರಿ. ಇಲ್ಲಾಂದ್ರ ತಿರುಗಿ ಹೋಗ್ತೀನಿ.”

ಅವಳು ಫೋನನ್ನು ದೂರ ಹಿಡಿದು ಯಾರೊಡನೆಯೋ ತೆಲುಗಿನಲ್ಲಿ ಮಾತನಾಡಿದಳು. ಆಮೇಲೆ ಹೇಳಿದಳು: “ಗುಡಿಬಂಡೆ ಹತ್ರ ನಮ್ಮೂರು. ಅಲ್ಲಿಗೆ ಬರಬ್ಯಾಡ. ಬುಧವಾರ ಕುರಿ ಔಸದಿಗೆ ಮಡಕಶಿರಕ್ಕೆ ಬತ್ತೀವಿ. ಬಸ್‌ಸ್ಟಾಂಡಾಗೆ ಇರು. ನಮ್ಮತ್ತೇನೂ ಬತ್ತಾಳೆ, ಅವಳ ಕೈಯಾಗೆ ಕೋಲಿರ್ತದೆ.”

ಬುಧವಾರ ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿದೆ. ಫೈಲಿನಲ್ಲಿ ಹೆಂಡತಿಯ ಮರಣ ಪ್ರಮಾಣಪತ್ರ, ಅವಳ ಆಧಾರ್, ನನ್ನ ಪಿಂಚಣಿ ಪುಸ್ತಕ, ಹಳೆಯ ಸಿಮ್ಮಿನ ಕವರ್ ಇದ್ದವು. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿದೆ, ಪಾವಗಡದಲ್ಲಿ ಮತ್ತೊಮ್ಮೆ. ಪಕ್ಕದ ಸೀಟಿನ ಮೇಲೆ ಫೈಲನ್ನು ಇಟ್ಟುಕೊಂಡಿದ್ದೆ. ಜನ ಹತ್ತಿದಾಗ ಎತ್ತಿಕೊಳ್ಳುತ್ತಿದ್ದೆ, ಇಳಿದಾಗ ಮತ್ತೆ ಇಡುತ್ತಿದ್ದೆ. ನಾವಿಬ್ಬರೂ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಯಾವಾಗಲೂ ಅವಳದು. ಅಂದೂ ಕಿಟಕಿಯ ಕಡೆ ಫೈಲೇ ಇತ್ತು.

ಮಡಕಶಿರದ ಬಸ್‌ಸ್ಟಾಂಡಿನ ಚಹಾ ಅಂಗಡಿಯ ನೆರಳಿನಲ್ಲಿ ಅವರು ಕೂತಿದ್ದರು. ಮೂವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ಅವಳ ಅತ್ತೆ. ಕೋಲು ನಿಜವಾಗಿಯೂ ಇತ್ತು. ಕಾಗದಗಳನ್ನು ಸೊಸೆ ಒಂದೊಂದಾಗಿ ಓದಿದಳು. ಅತ್ತೆ ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು.

“ನಿನ್ನ ಹೆಂಡ್ತಿಗೆ ಬಾಳ ಫೋನು ಬತ್ತಾವೆ ಸಾಮಿ,” ಎಂದಳು ಸೊಸೆ. “ಬಳೆ ಮಾರೋಳು ಎಲ್ಡು ಸಲ ಮಾಡಿದ್ಲು. ಯಾಕವ್ವ ಬರಾದೇ ಬಿಟ್ಟೆ ಅಂತ. ನಾನು ಏನಂತ ಹೇಳ್ಲಿ?”

ನನ್ನ ಫೋನಿನಲ್ಲಿ ಹೆಂಡತಿಯ ಖಾತೆಯ ಪಾಸ್‌ವರ್ಡ್ ಕೊಟ್ಟು, ಕೋಡ್ ಕಳಿಸು ಎಂಬುದನ್ನು ಒತ್ತಿದೆ. ಸೊಸೆಯ ಫೋನು ಗುಂಯ್ಗುಟ್ಟಿತು. ಫೋನನ್ನು ನನಗೆ ಕೊಡಲಿಲ್ಲ, ಎದೆಗೆ ಹತ್ತಿರ ಹಿಡಿದು ಓದಿದಳು. ಮಾತು ಕನ್ನಡವಾದರೂ ಅಂಕಿಗಳನ್ನು ಆಂಧ್ರದ ಶಾಲೆಯಲ್ಲಿ ಕಲಿತ ತೆಲುಗಿನಲ್ಲೇ ಓದಿದಳು: “ರೆಂಡು, ಸುನ್ನ, ಏಡು, ಏಡು, ನಾಲುಗು, ತೊಮ್ಮಿದಿ.” ನಾನು ಸ್ಟೇಷನ್‌ನಲ್ಲಿ ಮಾಡುತ್ತಿದ್ದಂತೆ ಆರನ್ನೂ ತಿರುಗಿ ಹೇಳಿದೆ. “ಅವುನು,” ಎಂದಳು. ಹೌದು ಎಂಬುದೂ ತೆಲುಗಿನಲ್ಲೇ ಬಂತು. ಬಾಗಿಲು ತೆರೆಯಿತು.

“ಏನೈತೆ ಅಂಥಾದ್ದು, ತೋರ್ಸು,” ಎಂದಳು ಅತ್ತೆ.

ಎಲ್ಲಕ್ಕಿಂತ ಮೇಲಿದ್ದ ರೆಕಾರ್ಡಿಂಗನ್ನು ಒತ್ತಿದೆ. ಅದನ್ನು ನಾನೂ ಕೇಳಿರಲಿಲ್ಲ.

“ನೋಡ್ರಿ, ಮೊನ್ನಿ ಉಗ್ಗಾಣಿ ಗಂಜಿ ಆಗಿತ್ತು. ಮಂಡಕ್ಕಿ ನೀರಾಗ ಹಾಕಿ ಗಡಿಯಾರ ನೋಡಕೋತ ಕುಂದ್ರಬ್ಯಾಡ್ರಿ. ಹಾಕಿದ ಕೂಡ್ಲೇ ಹಿಂಡಿ ತೆಗೀರಿ. ಬರಕೊಳ್ಳಾಕತ್ತೀರಿ ಅಲ್ಲ? ಪೆನ್ನು ಕೆಳಗಿಡ್ರಿ, ಒಗ್ಗರಣಿ ಸೀಯತೈತಿ...”

“ಹುರಿಗಡ್ಲೆ ಪುಡಿ ಹಾಕಂಗಿಲ್ವಾ?” ಎಂದಳು ಅತ್ತೆ, ನನ್ನ ಫೋನಿಗೆ.

“ಹೇಳ್ತಾಳೆ ತಡಿಯತ್ತೆ!”

“...ಪುಟಾಣಿ ಪುಡಿ ಕಡೀಗೆ. ಗ್ಯಾಸ್ ಆರಿಸಿದ ಮ್ಯಾಲೆ.”

ನಮ್ಮ ಕಡೆ ಪುಟಾಣಿ ಎಂದರೆ ಹುರಿಗಡಲೆಯೇ. ಅತ್ತೆ ತಲೆಯಾಡಿಸಿದಳು. ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡು, ತಕ್ಷಣ ಗಟ್ಟಿಯಾದಳು. “ಈಗ ನನ್ನ ನಂಬರು ಅದರಿಂದ ತೆಗಿ. ನನ್ ಕಣ್ಮುಂದೇನೆ ತೆಗಿ.”

ಅದೇ ಸರಿ. ನಾನೇ ಹೇಳಿಕೊಡುವ ಪಾಠ. ನನ್ನ ನಂಬರನ್ನು ಸೇರಿಸಿದೆ. ಹಳೆಯದನ್ನು ಒತ್ತಿದೆ. ಈ ನಂಬರನ್ನು ತೆಗೆದುಹಾಕಬೇಕೆ ಎಂದು ಪರದೆ ಕೇಳಿತು. ಆ ನಂಬರನ್ನು ನನ್ನ ಹೆಂಡತಿಯೇ ಅಂಗಡಿಯಲ್ಲಿ ಆರಿಸಿಕೊಂಡಿದ್ದಳು. ಬಾಯಿಪಾಠಕ್ಕೆ ಸುಲಭ, ನಿಮಗೆ ಬೇಕಾಗುತ್ತದೆ ಎಂದಿದ್ದಳು.

“ಒತ್ತಾಕೆ ಯಾಕೆ ತಡ ಸಾಮಿ?” ಅತ್ತೆ ಕೇಳಿದಳು.

“ಬಿಸಿಲಿಗೆ ಅಕ್ಷರ ಕಾಣವಲ್ದವ್ವ.”

“ನೆಳ್ಳಾಗೆ ಕುಂತಿದೀವಿ.”

ಹೌದು ಎಂಬುದನ್ನು ಒತ್ತಿದೆ.

ಚಹಾದ ದುಡ್ಡನ್ನು ಅವರು ನನಗೆ ಕೊಡಲು ಬಿಡಲಿಲ್ಲ. ನಾನು ಬಸ್ಸು ಹತ್ತಿ ಕೂತ ಮೇಲೆ ಸೊಸೆ ಕಿಟಕಿಯ ಹತ್ತಿರ ಬಂದಳು. “ಊರು ಮುಟ್ಟಿದ ಮ್ಯಾಲೆ ಒಂದು ಮಿಸ್ ಕಾಲ್ ಕೊಡು. ಒಂದೇ, ಇವತ್ತೊಂದಿನ. ನಾಳೆ ಕೊಟ್ರೆ ನಮ್ಮತ್ತೇನ ಕಳಿಸ್ತೀನಿ.”

ರಾಯದುರ್ಗ ಮುಟ್ಟಿದಾಗ ಆರೂ ನಲವತ್ತು. ಬಸ್‌ಸ್ಟಾಂಡಿನಲ್ಲೇ ನಿಂತು ಆ ನಂಬರಿಗೆ ಕರೆ ಮಾಡಿದೆ. ಎರಡು ಸಲ ರಿಂಗಾಯಿತು. ಯಾರೂ ಎತ್ತಲಿಲ್ಲ. ಕತ್ತರಿಸಿದೆ. ನನ್ನ ಫೋನಿನಲ್ಲಿ ಆ ನಂಬರು ಮೊದಲಿನಿಂದಲೂ ‘ಮನೆ’ ಎಂದೇ ಇತ್ತು. ಅದನ್ನು ಅಳಿಸಿ ‘ಗುಡಿಬಂಡೆ’ ಎಂದು ಬರೆದೆ.

ಮನೆಗೆ ಬಂದು ಮೊದಲು ಮೂವತ್ತೊಂದನ್ನೂ ಕಂಪ್ಯೂಟರಿಗೆ ಒಂದು ನಕಲು, ಪೆನ್‌ಡ್ರೈವಿಗೆ ಒಂದು ನಕಲು ಮಾಡಿದೆ. ಆಮೇಲೆ ಕೈಕಾಲು ತೊಳೆದು ಮಂಡಕ್ಕಿಯನ್ನು ನೀರಿಗೆ ಹಾಕಿದೆ. ಹಾಕಿದ ಕೂಡಲೇ ಹಿಂಡಿ ತೆಗೆದೆ.